ಯಾವ ಕಾಲ ಒಳ್ಳೆಯ ಕಾಲ?

ರೋಹಿಣಿ ಮುಗಿದು ಮಿರಗ ಕೂಡುವ ದಿನ ನಮ್ಮ ಕಡೆಯ ಪೇಟೆಗಳಲ್ಲಿ ಮೀನಿನ ಬೆಲೆ ಏರುತ್ತದೆ. ಜೂನ್ 7 ಅಥವಾ 8ರ ಸುಮಾರಿಗೆ ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬರುತ್ತಾನೆ. ಪಂಚಾಂಗದವರು ಅದನ್ನು ಮೃಗಶಿರಾ ಮಳೆ ಎನ್ನುತ್ತಾರೆ, ನಮ್ಮ ರೈತರು ಮಿರಗ ಎನ್ನುತ್ತಾರೆ. ಬೇಸಗೆಯಲ್ಲಿ ಬೆಂದ ಮೈಗೆ ಒಮ್ಮೆಲೇ ತಂಪು ತಗಲಿ ನೆಗಡಿ, ಕೆಮ್ಮು, ದಮ್ಮು ಬರಬಾರದೆಂದರೆ ಅಂದು ಮೀನು ತಿನ್ನಬೇಕು ಎಂಬ ನಂಬಿಕೆ ತೆಲಂಗಾಣದಲ್ಲಿ ಬಲವಾಗಿದೆ. ಗಡಿಗೆ ಹತ್ತಿಕೊಂಡಿರುವ ನಮ್ಮ ಜಿಲ್ಲೆಗೂ ಅದು ಬಂದಿದೆ. ಹೈದರಾಬಾದಿನಲ್ಲಿ ಅಂದು ಜೀವಂತ ಕೊರವ ಮೀನಿನ ಮರಿಯ ಬಾಯಲ್ಲಿ ಔಷಧವಿಟ್ಟು ದಮ್ಮಿನವರಿಗೆ ನುಂಗಿಸುತ್ತಾರೆ. ವೈದ್ಯಶಾಸ್ತ್ರ ಅದನ್ನು ಒಪ್ಪಿಲ್ಲ. ಆದರೂ ರೈಲು ಹತ್ತಿ ಹೋಗುವವರು ಹೋಗುತ್ತಲೇ ಇದ್ದಾರೆ.

ಅದೇ ದಿನಗಳಲ್ಲಿ ನೀರಿನೊಳಗೆ ಏನು ನಡೆಯುತ್ತಿರುತ್ತದೆ? ಮೊದಲ ಮಳೆಗೆ ಹಳ್ಳಗಳಲ್ಲಿ ಕೆಂಪು ನೀರು ಇಳಿಯುತ್ತದೆ. ಆ ಹೊಸ ನೀರಿನ ವಾಸನೆ ಹಿಡಿದು, ಹೊಟ್ಟೆ ತುಂಬ ತತ್ತಿ ಹೊತ್ತ ಮೀನುಗಳು ಹರಿವಿಗೆ ಎದುರಾಗಿ ಏರುತ್ತವೆ. ಕೆರೆಯ ಅಂಚಿನ ತೆಳುನೀರಿಗೆ, ಹಳ್ಳದ ಬಾಯಿಗೆ, ಮುಳುಗಿದ ಹುಲ್ಲಿನ ನಡುವೆ ಬರುತ್ತವೆ. ಬಲೆಯೂ ಬೇಡ, ಬುಟ್ಟಿ ಸಾಕು. ಎರಡು ಕಡೆ ಹಿಡಿದ ಹಳೆಯ ಸೀರೆಯಾದರೂ ಸಾಕು. ವರ್ಷದಲ್ಲಿ ಮೀನು ಇಷ್ಟು ಸುಲಭವಾಗಿ ಸಿಗುವ ಕಾಲ ಇನ್ನೊಂದಿಲ್ಲ. ತತ್ತಿ ಮೀನು ರುಚಿಯೂ ಹೌದಂತೆ.

‘ಅಂತೆ’ ಎಂದು ಏಕೆ ಹೇಳಿದೆನೆಂದರೆ ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಮೀನು ತಿನ್ನದವಳಿಗೆ ಮೀನಿನ ಕಾಲದ ಚಿಂತೆ ಏಕೆ ಎಂದು ನೀವು ಕೇಳಬಹುದು. ಹೈಸ್ಕೂಲಿನಲ್ಲಿ ಮೂವತ್ತು ವರ್ಷದ ಹತ್ತಿರ ಸಮಾಜ ಪಾಠ ಹೇಳಿದವಳು ನಾನು. ಕೃಷ್ಣೆ ಮತ್ತು ಭೀಮೆಯ ದಂಡೆಯ ಅಂಬಿಗರ, ಕಬ್ಬಲಿಗರ ಮಕ್ಕಳು ಪ್ರತಿವರ್ಷ ನನ್ನ ಮುಂದೆ ಕುಳಿತಿದ್ದಾರೆ. ಅವರ ಮನೆಯ ಅನ್ನದ ವಿಷಯ ನನ್ನದಲ್ಲವೆಂದು ಹೇಳುವುದು ಕಷ್ಟ. ಎಲ್ಲಕ್ಕಿಂತ ಹೆಚ್ಚಾಗಿ, ಯಾವಾಗ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಮೀನು ತಿನ್ನುವವರದಷ್ಟೇ ಅಲ್ಲ. ನಾವೆಲ್ಲರೂ ಯಾರಿಂದಲೋ ಏನನ್ನೋ ತೆಗೆದುಕೊಂಡೇ ಬದುಕುತ್ತೇವೆ.

ಈ ವಿಚಾರ ತಲೆಗೆ ಹತ್ತಿಸಿದವನು ನನ್ನ ಅಕ್ಕನ ಮಗ. ಅಮೆರಿಕದ ಸಿಯಾಟಲ್‌ನಲ್ಲಿ ಕೆಲಸ. ಊರಿಗೆ ಬಂದಾಗ ತಾನು ಅಲ್ಲಿಯ ಸರೋವರಗಳಲ್ಲಿ ಟ್ರೌಟ್ ಎಂಬ ಮೀನಿಗೆ ಗಾಳ ಹಾಕುವುದನ್ನು ಕಲಿತೆನೆಂದು ಹೇಳಿಕೊಂಡ. ಅವರ ತಾಯಿ ಮೂಗು ಮುಚ್ಚಿಕೊಂಡಳು, ನಾನು ಕಿವಿ ಕೊಟ್ಟೆ. ಟ್ರೌಟ್ ತಣ್ಣೀರಿನ ಮೀನು. ನಮ್ಮ ಕೆರೆಗಳ ಬಿಸಿನೀರಿನಲ್ಲಿ ಅದು ಬದುಕದು. ಬ್ರಿಟಿಷರು 1900ರ ಸುಮಾರಿಗೆ ಅದನ್ನು ಕಾಶ್ಮೀರಕ್ಕೆ ತಂದರು, ನೀಲಗಿರಿಯ ಅವಲಾಂಚೆಯಲ್ಲಿ 1907ರಲ್ಲಿ ಅದರ ಮರಿ ಮಾಡುವ ಕೇಂದ್ರ ತೆರೆದರು. ಕರ್ನಾಟಕದವರು ಅದನ್ನು ನೋಡಬೇಕೆಂದರೆ ಊಟಿಯ ದಾರಿ ಹಿಡಿಯಬೇಕು.

“ಅಲ್ಲಿ ಯಾವ ಕಾಲಕ್ಕ ಛಲೋ ಸಿಗ್ತಾವಪ್ಪಾ?” ಎಂದು ಕೇಳಿದೆ. ಅವನು ಎಣಿಸಿ ಹೇಳಿದ. ವಾಷಿಂಗ್ಟನ್ ರಾಜ್ಯದ ತಗ್ಗುಪ್ರದೇಶದ ಎಷ್ಟೋ ಸರೋವರಗಳು ಏಪ್ರಿಲ್ ತಿಂಗಳ ನಾಲ್ಕನೆಯ ಶನಿವಾರ ತೆರೆಯುತ್ತವೆ. ಜನ ಅಂದು ನಸುಕಿನಲ್ಲೇ ಜಾತ್ರೆಯಂತೆ ಸೇರುತ್ತಾರೆ. ವಸಂತದಲ್ಲಿ ನೀರು ತಂಪಾಗಿರುವುದರಿಂದ ಮೀನು ಮೇಲೆಯೇ ಆಡುತ್ತಿರುತ್ತದೆ. ಬೇಸಗೆ ಬಂದಂತೆ ಮೇಲಿನ ನೀರು ಕಾಯುತ್ತದೆ, ಮೀನು ತಂಪು ಹುಡುಕಿ ಆಳಕ್ಕೆ ಇಳಿಯುತ್ತದೆ. ಕೆಲವು ಸರೋವರಗಳ ಆಳದಲ್ಲಿ ಆಗ ಉಸಿರಾಡಲು ಗಾಳಿಯೂ ಸಾಲದು. ನೀರಿನ ಉಷ್ಣತೆ 20 ಡಿಗ್ರಿ ದಾಟಿದರೆ ಟ್ರೌಟ್ ಸೊರಗುತ್ತದೆ. ಆಗ ಹಿಡಿದು ಮತ್ತೆ ನೀರಿಗೆ ಬಿಟ್ಟರೂ ಎಷ್ಟೋ ಸಾಯುತ್ತವೆ. ಅದಕ್ಕೇ ತಿಳಿದವರು ನೀರಿಗೆ ಥರ್ಮಾಮೀಟರ್ ಇಳಿಸಿ ನೋಡಿ, ಬಿಸಿಯಾಗಿದ್ದರೆ ಗಾಳ ಮಡಿಚಿಕೊಂಡು ಮನೆಗೆ ಹೋಗುತ್ತಾರಂತೆ. ಕಾಶ್ಮೀರದಲ್ಲಿಯೂ ಟ್ರೌಟ್ ಹಿಡಿಯುವ ಕಾಲ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಆಮೇಲೆ ಆ ಮೀನು ಹೊಳೆಯ ಕಲ್ಲುಗೊರಚಿನಲ್ಲಿ ತತ್ತಿ ಇಡುವ ಕಾಲ, ಗಾಳಕ್ಕೆ ರಜೆ.

ಅವನ ಮಾತಿನಲ್ಲಿ ಒಂದು ಸಂಗತಿ ನನಗೆ ಹಿಡಿಸಿತು. ‘ಒಳ್ಳೆಯ ಕಾಲ’ ಎಂಬ ಒಂದೇ ಮಾತಿನೊಳಗೆ ಎರಡು ಪ್ರಶ್ನೆಗಳಿವೆ. ಹಿಡಿಯುವವನಿಗೆ ಯಾವ ಕಾಲ ಸುಲಭ? ಹಿಡಿಸಿಕೊಳ್ಳುವುದಕ್ಕೆ ಯಾವ ಕಾಲದಲ್ಲಿ ನಷ್ಟ ಕಡಿಮೆ? ವಸಂತದ ಸರೋವರದಲ್ಲಿ ಎರಡಕ್ಕೂ ಒಂದೇ ಉತ್ತರ ಬರುತ್ತದೆ, ಅಲ್ಲಿಯವರು ಪುಣ್ಯವಂತರು. ನಮ್ಮ ಮಿರಗದಲ್ಲಿ ಎರಡು ಉತ್ತರಗಳೂ ಒಂದಕ್ಕೊಂದು ಬೆನ್ನು ಮಾಡಿ ನಿಲ್ಲುತ್ತವೆ.

ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ನಾವು ಹಿಂದೆ ಬಿದ್ದವರೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಮೀನುಗಳ ಜಾತಿ ಯಾವುವು, ಯಾವುದಕ್ಕೆ ಯಾವ ಆಹಾರ ಹಾಕಬೇಕು, ಗಾಳದ ದಾರ ಹೇಗಿರಬೇಕು ಎಂದು ಅರಸನೇ ಕುಳಿತು ವಿವರಿಸಿದ್ದಾನೆ. ನಮ್ಮ ಸಗರನಾಡು ಆ ಅರಸರ ರಾಜ್ಯದ ಒಳಗೇ ಇತ್ತು.

ಎರಡನೆಯ ಪ್ರಶ್ನೆಯನ್ನೂ ನಮ್ಮ ದೇಶದಲ್ಲಿ ಒಬ್ಬ ಅರಸ ಕೇಳಿದ್ದ, ಸೋಮೇಶ್ವರನಿಗಿಂತ ಸಾವಿರದ ಮುನ್ನೂರು ವರ್ಷಕ್ಕೂ ಮೊದಲು. ಶಹಾಪುರ ತಾಲೂಕಿನ ಅಂಚಿನಲ್ಲಿ ಭೀಮೆಯ ಆಚೆ ದಂಡೆಗೆ ಸನ್ನತಿ ಇದೆ. ಚಂದ್ರಲಾಂಬೆಯ ದರ್ಶನಕ್ಕೆ ಹೋದವರೆಲ್ಲ ಬಲ್ಲಿರಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಅಶೋಕನ ಶಾಸನ ಬೆಳಕಿಗೆ ಬಂತು. ಅದೇ ಅಶೋಕ ಉತ್ತರದಲ್ಲಿ ನಿಲ್ಲಿಸಿದ ಸ್ತಂಭಗಳ ಐದನೆಯ ಶಾಸನದಲ್ಲಿ, ತಾನು ಪಟ್ಟವೇರಿ ಇಪ್ಪತ್ತಾರು ವರ್ಷವಾದಾಗ ಹೊರಡಿಸಿದ ಅಪ್ಪಣೆಗಳನ್ನು ಕೆತ್ತಿಸಿದ್ದಾನೆ. ಗರ್ಭ ಧರಿಸಿದ ಅಥವಾ ಹಾಲೂಡಿಸುವ ಆಡು, ಕುರಿ, ಹಂದಿಯನ್ನು ಕೊಲ್ಲಬಾರದು. ಆರು ತಿಂಗಳು ತುಂಬದ ಅವುಗಳ ಮರಿಗಳನ್ನೂ ಕೊಲ್ಲಬಾರದು. ಗೊತ್ತುಪಡಿಸಿದ ಹುಣ್ಣಿಮೆಗಳ ಸುತ್ತಿನ ದಿನಗಳಲ್ಲಿ, ಉಪವಾಸದ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಲೂ ಬಾರದು.

‘ಮಾರಲೂ ಬಾರದು’ ಎಂಬುದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಹೊಳೆಯಲ್ಲಿ ಬಲೆ ಎಸೆಯುವವನನ್ನು ಮಾತ್ರ ತಡೆದರೆ ಸಾಲದು, ಪೇಟೆಯಲ್ಲಿ ಕಾಯುತ್ತಿರುವ ಕೈಗಳೂ ಇವೆ ಎಂಬುದು ಆ ಅರಸನಿಗೆ ಗೊತ್ತಿತ್ತು.

ಕೊರವ ಮೀನಿನ ಸಂಗತಿ ಕೇಳಿ. ಅದರ ತಂದೆ ತಾಯಿ ತತ್ತಿಯನ್ನೂ ಮರಿಗಳನ್ನೂ ಕಾಯುತ್ತವೆ. ಕೆಂಪು ಬಣ್ಣದ ನೂರಾರು ಮರಿಗಳು ಗುಂಪು ಕಟ್ಟಿಕೊಂಡು ಉಸಿರಿಗೆಂದು ಮತ್ತೆ ಮತ್ತೆ ನೀರಿನ ಮೇಲೆ ಬರುತ್ತವೆ. ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಹಿಡಿಯಬಲ್ಲವನಿಗೆ ಆ ಮರಿಗಳೇ ಗುರುತು. ಅವುಗಳ ನಡುವೆ ಗಾಳ ಆಡಿಸಿದರೆ, ಮಕ್ಕಳ ಮೇಲೆ ಏನೋ ಬಿತ್ತೆಂದು ದೊಡ್ಡದು ಸಿಟ್ಟಿನಿಂದ ಎರಗುತ್ತದೆ, ಸಿಕ್ಕಿಬೀಳುತ್ತದೆ. ಕಾವಲು ಹೋದ ಮೇಲೆ ಮರಿಗಳನ್ನು ಉಳಿದ ಮೀನು, ಹಕ್ಕಿಗಳು ಮುಗಿಸುತ್ತವೆ. ಇದೂ ‘ಒಳ್ಳೆಯ ಕಾಲ’ವೇ, ಹಿಡಿಯುವವನ ಲೆಕ್ಕದಲ್ಲಿ.

ಇಷ್ಟು ಹೇಳಿ ಮುಗಿಸಿದ್ದರೆ ಉಪದೇಶ ಸುಲಭವಾಗುತ್ತಿತ್ತು. ಆದರೆ ನಮ್ಮ ಶಾಲೆಯ ಹುಡುಗನೊಬ್ಬನ ತಾಯಿ ಪೇಟೆಯಲ್ಲಿ ಬುಟ್ಟಿಯಿಟ್ಟು ಮೀನು ಮಾರುತ್ತಾಳೆ. ಅವಳ ಮುಂದೆ ನಾನು ಈ ಮಾತು ತೆಗೆದಾಗ ಅವಳು ತಕ್ಕಡಿ ಕೆಳಗಿಟ್ಟು ಹೇಳಿದಳು: “ಮೀನು ಹೊಟ್ಟೀಲೆ ಅದ ಅಂತೀರಿ ಅಕ್ಕೋರ, ಖರೆ ಅದ. ನಮ್ಮ ಹೊಟ್ಟೀದು ಯಾರು ಕೇಳ್ತಾರ್ರಿ? ಈಗ ಸಾಲಿ ಸುರು ಆಗ್ತಾವ. ಪಾಟಿ, ಪುಸ್ತಕ, ಅಂಗಿ, ಎಲ್ಲಾ ಈ ತಿಂಗಳದಾಗೇ ಬರ್ತಾವ.”

ಅದಕ್ಕೆ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ತಿಂಗಳ ಸಂಬಳ ಬರುವವಳು ಸಂಯಮದ ಮಾತಾಡುವುದು, ಅಂದಂದಿನ ದುಡಿಮೆಯವಳು ಅದನ್ನು ಪಾಲಿಸುವುದು, ಎರಡೂ ಒಂದೇ ಅಲ್ಲ. ಧರ್ಮದ ಖರ್ಚನ್ನೆಲ್ಲ ಬಡವರ ಲೆಕ್ಕಕ್ಕೆ ಬರೆದು, ಪುಣ್ಯವನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವ ಅಭ್ಯಾಸ ನಮಗೆ ಬಹಳ ಹಿಂದಿನಿಂದ ಇದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ತಿಂಗಳುಗಳಿಗೆಂದು ಮೀನುಗಾರರು ಮೊದಲೇ ಕೂಡಿಟ್ಟ ಹಣಕ್ಕೆ ಸರ್ಕಾರ ತನ್ನ ಪಾಲು ಸೇರಿಸಿ ಕೊಡುವ ಯೋಜನೆಯೂ ಇದೆ. ಹಣ ಸಾಲುತ್ತದೆಯೇ ಎಂಬುದು ಬೇರೆ ಮಾತು. ಆದರೆ ತತ್ವ ಸರಿಯಾಗಿದೆ: ಬಿಡು ಎಂದು ಹೇಳುವವರು ಬಿಟ್ಟವರ ನಷ್ಟದಲ್ಲಿ ಪಾಲು ಹೊರಬೇಕು.

ಇನ್ನೊಂದು ಸಂಗತಿಯೂ ಇದೆ. ಎಲ್ಲ ಮೀನಿಗೂ ಒಂದೇ ನಿಯಮ ಹೊಂದುವುದಿಲ್ಲ. ನಮ್ಮ ಕೆರೆಗಳಲ್ಲಿ ಗುತ್ತಿಗೆದಾರರು, ಮೀನುಗಾರರ ಸಂಘದವರು ಬೆಳೆಸುವ ಕಾಟ್ಲಾ, ರೋಹು, ಮೃಗಾಲ ಮೀನುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಹರಿಯುವ ಪ್ರವಾಹದ ನೀರು ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಗ್ರಂಥಿರಸದ ಸೂಜಿಮದ್ದು ಕೊಟ್ಟು ಈ ಜಾತಿಯ ಮೀನು ತತ್ತಿ ಇಡುವಂತೆ ಮಾಡಿದರು. ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುವುದು ಅದಕ್ಕೇ. ಮಳೆ ಬಂದ ಮೇಲೆ ಹೀಗೆ ಮಾಡಿಸಿದ ಮರಿಗಳನ್ನು ತಂದು ಕೆರೆಗೆ ಬಿಡುತ್ತಾರೆ. ಬೇಸಗೆಯಲ್ಲಿ ನೀರು ಇಳಿದಾಗ ಬೆಳೆದ ಮೀನನ್ನು ಹಿಡಿಯುತ್ತಾರೆ. ಅದು ಬಿತ್ತಿ ಬೆಳೆದ ಜೋಳದಂತೆ. ಹೊಳೆಯಲ್ಲಿ ತಾನಾಗಿ ಹುಟ್ಟಿ ಮಿರಗಕ್ಕೆ ಏರಿಬರುವ ಮೀನು ಹಾಗಲ್ಲ, ಅದು ಬೀಜಕ್ಕಿಟ್ಟ ಕಾಳು. ಸ್ವಂತ ಮನೆಯಲ್ಲಿ ಬೀಜದ ಕಾಳನ್ನು ಯಾವ ಹೆಂಗಸೂ ಬೀಸಲು ಕೊಡುವುದಿಲ್ಲ.

ಹೆಂಗಸರಿಗೆ ಈ ವಿಚಾರ ಹೊಸದೇನಲ್ಲ. ಕರು ಕುಡಿಯುವ ಮುನ್ನ ಹಾಲು ಹಿಂಡಿದರೆ ಅತ್ತೆ ಬೈಯುತ್ತಿದ್ದರು. ಬಾಣಂತಿಗೆ ಕೆಲಸ ಹೇಳಬಾರದು ಎಂಬ ನಿಯಮವನ್ನು ಬಡವರ ಮನೆಯಲ್ಲೂ ಸಾಧ್ಯವಾದಷ್ಟು ಪಾಲಿಸುತ್ತಾರೆ. ಅವಳು ಮನೆಯಲ್ಲೇ ಇರುತ್ತಾಳೆ, ಕರೆದರೆ ಬರುತ್ತಾಳೆ, ಇಲ್ಲ ಎನ್ನುವ ಶಕ್ತಿಯೂ ಅವಳಿಗಿಲ್ಲ. ಅದಕ್ಕೆಂದೇ ಕೇಳಬಾರದು. ಎದುರಿನವರು ಇಲ್ಲವೆನ್ನಲಾಗದ ಹೊತ್ತಿನಲ್ಲಿ ಸಿಗುವುದೆಲ್ಲ ನಮ್ಮ ಹಕ್ಕಲ್ಲ ಎಂಬುದನ್ನು ಬಾಣಂತಿಯ ಕೋಣೆ ಕಲಿಸಿದಷ್ಟು ಯಾವ ಗ್ರಂಥವೂ ಕಲಿಸಿಲ್ಲ.

ಆದರೂ ನಾವು ಮರೆಯುತ್ತೇವೆ. ಹತ್ತಿ ಬಿಡಿಸುವ ಕಾಲ ಬಂದರೆ ನನ್ನ ಹಾಜರಿ ಪುಸ್ತಕದಲ್ಲಿ ಖಾಲಿ ಮನೆಗಳು ಹೆಚ್ಚುತ್ತವೆ. ಕರೆಯಲು ಹೋದರೆ, “ಸಾಲಿ ಎಲ್ಲಿ ಹೋಗ್ತದರಿ ಅಕ್ಕೋರ, ಹತ್ತಿ ನಿಂದರಂಗಿಲ್ಲ” ಎನ್ನುತ್ತಾರೆ. ಒಂಬತ್ತನೆಯ ತರಗತಿಯ ಹುಡುಗಿಗೆ ಗಂಡು ಗೊತ್ತು ಮಾಡಿದಾಗಲೂ ಇಂಥದೇ ಮಾತು: ಈಗ ಒಳ್ಳೆಯ ಸಂಬಂಧ ಬಂದಿದೆ, ಖರ್ಚು ಕಡಿಮೆ, ಅಣ್ಣನ ಮದುವೆಯ ಹಂದರದಲ್ಲೇ ಮುಗಿದುಹೋಗುತ್ತದೆ. ಹದಿನೆಂಟು ತುಂಬುವ ಮೊದಲು ಹುಡುಗಿಯ ಮದುವೆ ಮಾಡಬಾರದೆಂದು 2006ರ ಕಾಯ್ದೆ ಹೇಳುತ್ತದೆ. ಕಾಯ್ದೆಗಿಂತ ಹಳೆಯದು ಲೆಕ್ಕ: ಯಾರಿಗೆ ಒಳ್ಳೆಯ ಕಾಲ? ಹಂದರ ಹಾಕಿದವರಿಗೆ. ಆ ಹುಡುಗಿ ಹದಿನಾಲ್ಕಕ್ಕೆ ಸುಲಭವಾಗಿ ಒಪ್ಪುತ್ತಾಳೆ, ಇಪ್ಪತ್ತಕ್ಕೆ ತನ್ನ ಮಾತೂ ಒಂದಿದೆ ಎನ್ನುತ್ತಾಳೆ. ಆ ಸುಲಭವೇ ನಮ್ಮನ್ನು ಎಚ್ಚರಿಸಬೇಕು.

ಹಾಗಾದರೆ ಮೀನು ತಿನ್ನುವ ಮನೆಯವರು ಮಿರಗದಲ್ಲಿ ಏನು ಮಾಡಬೇಕು? ನಾನು ನಿಮಗೆ ತಿನ್ನಬೇಡಿ ಎನ್ನಲಾರೆ. ಬುಟ್ಟಿಯ ಮುಂದೆ ಕುಳಿತಾಗ ಒಂದು ಮಾತು ಕೇಳಿ: ಇದು ಕೆರೆಗೆ ಬಿಟ್ಟು ಬೆಳೆಸಿದ್ದೋ, ಹೊಳೆಯಿಂದ ಏರಿ ಬಂದದ್ದೋ? ಮಾರುವವಳಿಗೆ ಗೊತ್ತಿರುತ್ತದೆ. ತತ್ತಿಯಿಂದ ಹೊಟ್ಟೆ ಉಬ್ಬಿದ ಹೊಳೆಯ ಮೀನು ಬೇಡ, ಸಾಕಿದ್ದು ಕೊಡು ಎನ್ನಿ, ಅದಕ್ಕೆ ಅವಳು ಹೇಳಿದ ಬೆಲೆ ಕೊಡಿ. ಆ ಎರಡು ತಿಂಗಳಾದರೂ ಚೌಕಾಶಿ ಬಿಡಿ. ಪೇಟೆಯಲ್ಲಿ ಕೇಳುವವರಿಲ್ಲದ ಮೀನನ್ನು ಯಾರೂ ಬಹಳ ದಿನ ಹಿಡಿಯುವುದಿಲ್ಲ. ಬಲೆ ಎಸೆಯುವವನಿಗೆ ಹಸಿವಿನ ಒತ್ತಾಯವಿದೆ. ಚೀಲ ಹಿಡಿದು ಹೋಗುವ ನಮಗೆ ಅಷ್ಟು ಒತ್ತಾಯವಿಲ್ಲ. ಆಯ್ಕೆ ಯಾರ ಕೈಯಲ್ಲಿ ಹೆಚ್ಚಿದೆಯೋ ಹೊಣೆಯೂ ಅವರ ಮೇಲೆಯೇ ಹೆಚ್ಚು.

ಸುರಪುರದ ಅರಸರ ಕಾಲದ ಬೋನಾಳ ಕೆರೆಗೆ ಮಕ್ಕಳನ್ನು ಹಕ್ಕಿ ತೋರಿಸಲು ಕರೆದುಕೊಂಡು ಹೋಗುವವರಿದ್ದಾರೆ. ಹಕ್ಕಿ ನೋಡಿದ ಮೇಲೆ ನೀರಿನ ಅಂಚಿಗೂ ಒಮ್ಮೆ ಕರೆದುಕೊಂಡು ಹೋಗಿ. ಮಳೆಗಾಲವಾಗಿದ್ದು ಅದೃಷ್ಟವಿದ್ದರೆ ಕೊರವದ ಕೆಂಪು ಮರಿಗಳ ಗುಂಪು ಕಾಣಿಸೀತು. ಅದರ ಕೆಳಗೆ ಯಾರಿದ್ದಾರೆಂದು ಮಕ್ಕಳಿಗೆ ಹೇಳಿ. ಉಳಿದದ್ದನ್ನು ಅವರೇ ಕೇಳುತ್ತಾರೆ.