ಒಡೆಯನಿಲ್ಲದ ಸೊತ್ತು

ಕಳವೆಂದರೇನು ಎಂದು ಐದನೆಯ ತರಗತಿಯ ಹುಡುಗನನ್ನು ಕೇಳಿದರೆ ಅವನು ತಡವರಿಸದೆ ಉತ್ತರ ಕೊಡುತ್ತಾನೆ: ಇನ್ನೊಬ್ಬರ ವಸ್ತುವನ್ನು ಅವರಿಗೆ ತಿಳಿಯದಂತೆ ತೆಗೆದುಕೊಳ್ಳುವುದು ಕಳವು. ನಿತ್ಯಜೀವನದ ವ್ಯವಹಾರಕ್ಕೆ ಈ ಉತ್ತರ ಸಾಕು. ಆದರೆ ಆ ವಸ್ತು ಯಾರದೂ ಅಲ್ಲದಿದ್ದರೆ? ತೋಟದ ತೆಂಗಿನಕಾಯಿಗೆ ಒಡೆಯನಿದ್ದಾನೆ, ಗದ್ದೆಯ ತೆನೆಗೆ ಒಡೆಯನಿದ್ದಾನೆ. ಕಡಲಿನಲ್ಲಿ ಓಡಾಡುವ ಬಂಗುಡೆಗೆ ಒಡೆಯರಾರು? ಅದನ್ನು ಬಿತ್ತಿದವರಿಲ್ಲ, ನೀರೆರೆದವರಿಲ್ಲ, ಕಾದವರಿಲ್ಲ. ಬಲೆ ಬೀಸಿ ಹಿಡಿದವನೇ ಅದರ ಒಡೆಯನೆಂದು ಲೋಕವು ಬಹುಕಾಲದಿಂದ ಒಪ್ಪಿಕೊಂಡು ಬಂದಿದೆ. ಹೀಗಿರುವಾಗ, ಕಿರಿಯ ಮೀನನ್ನು ಹಿಡಿದುದಕ್ಕಾಗಿಯೋ ನಿಷೇಧದ ದಿನಗಳಲ್ಲಿ ಬಲೆಯೆಳೆದುದಕ್ಕಾಗಿಯೋ ದಂಡ ತೆರಬೇಕಾಗಿ ಬಂದವನು, “ನಾನು ಯಾರ ಮನೆಯದನ್ನು ಕದ್ದೆ?” ಎಂದು ಕೇಳಿದರೆ ನಾವು ಏನು ಹೇಳಬೇಕು?

ಇದು ಸುಮ್ಮನೆ ತಳ್ಳಿಬಿಡತಕ್ಕ ಪ್ರಶ್ನೆಯಲ್ಲ. ಮಂಜೇಶ್ವರದಿಂದ ತೃಕ್ಕರಿಪುರದ ವರೆಗಿನ ನಮ್ಮ ಕರಾವಳಿಯಲ್ಲಿ ಬಲೆಯ ಸಂಪಾದನೆಯಿಂದಲೇ ಒಲೆ ಉರಿಯುವ ಮನೆಗಳು ಎಷ್ಟೋ ಇವೆ. ಆ ಮನೆಗಳ ಮಕ್ಕಳು ನಮ್ಮ ಮುಂದೆ ಬೆಂಚುಗಳ ಮೇಲೆ ಕುಳಿತಿರುತ್ತಾರೆ. ಅವರ ತಂದೆಯ ಕಸುಬಿನಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ವಿಚಾರ ಮಾಡದೆ ನೀತಿಪಾಠ ಹೇಳಿದರೆ ಆ ಪಾಠವು ಪುಸ್ತಕದಲ್ಲಿಯೇ ಉಳಿದೀತು.

ಮೊದಲು ಕಾನೂನು ಏನು ಹೇಳುತ್ತದೆಂಬುದನ್ನು ತಿಳಿಯೋಣ. ಕೇರಳದಲ್ಲಿ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಅಧಿನಿಯಮವು 1980ರಲ್ಲಿ ಜಾರಿಗೆ ಬಂದಿತು. ತೀರದಿಂದ 12 ನಾವಿಕ ಮೈಲಿ, ಎಂದರೆ ಸುಮಾರು 22 ಕಿಲೋಮೀಟರಿನ ವರೆಗಿನ ನೀರು ಅದರ ವ್ಯಾಪ್ತಿಗೆ ಸೇರಿದೆ. ತಳವನ್ನು ಕೆರೆದು ಬಲೆಯೆಳೆಯುವ ಟ್ರಾಲರುಗಳಿಗೆ ಮಳೆಗಾಲದ ನಿಷೇಧವನ್ನು ಮೊದಲು ವಿಧಿಸಿದುದು 1988ರಲ್ಲಿ. ಈಚಿನ ವರ್ಷಗಳಲ್ಲಿ ಅದು ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ನಡುರಾತ್ರಿಯ ವರೆಗೆ, ಒಟ್ಟು 52 ದಿನ ನಡೆಯುತ್ತದೆ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವದು. 2015ರಲ್ಲಿ 14 ಜಾತಿಯ ಮೀನುಗಳಿಗೆ ಕನಿಷ್ಠ ಗಾತ್ರವನ್ನು ಗೊತ್ತುಪಡಿಸಲಾಯಿತು. ಅನಂತರ ಆ ಪಟ್ಟಿ 58 ಜಾತಿಗಳಿಗೆ ಬೆಳೆಯಿತು. ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ಹಿಡಿಯಕೂಡದು. ಕಣ್ಣು ಕೋರೈಸುವ ವಿದ್ಯುದ್ದೀಪಗಳನ್ನು ನೀರಿನ ಮೇಲೆ ಬೆಳಗಿಸಿ, ಬೆಳಕಿಗೆ ಮರುಳಾಗಿ ಬಂದ ಹಿಂಡನ್ನು ಒಮ್ಮೆಗೇ ಬಾಚಿಕೊಳ್ಳುವ ಪದ್ಧತಿಯನ್ನೂ, ಎರಡು ಬೋಟುಗಳು ಜೊತೆಯಾಗಿ ಒಂದೇ ದೊಡ್ಡ ಬಲೆಯನ್ನು ಎಳೆಯುವ ಪದ್ಧತಿಯನ್ನೂ ಕೇಂದ್ರ ಸರಕಾರವು 2017ರಲ್ಲಿ ನಿಷೇಧಿಸಿತು.

ಇದಕ್ಕೆ ಬರುವ ಮೊದಲನೆಯ ಆಕ್ಷೇಪ ಹೀಗಿದೆ. ಈ ಗೆರೆಗಳೆಲ್ಲ ಮನುಷ್ಯನು ಎಳೆದವು. ಹತ್ತು ಸೆಂಟಿಮೀಟರಿನ ಬೂತಾಯಿಯನ್ನು ಹಿಡಿದವನು ಸಭ್ಯನು, ಒಂಬತ್ತೂವರೆಯದನ್ನು ಹಿಡಿದವನು ಅಪರಾಧಿ, ಇದೆಂತಹ ನ್ಯಾಯ? ಗಡಿನಾಡಿನವರಾದ ನಮಗೆ ಇನ್ನೂ ಹತ್ತಿರದ ಉದಾಹರಣೆಯುಂಟು. ಕರ್ನಾಟಕದಲ್ಲಿ ಯಂತ್ರದ ಬೋಟುಗಳಿಗೆ ನಿಷೇಧವು ಜೂನ್ 1ರಂದೇ ಆರಂಭವಾಗುತ್ತದೆ. ಆದುದರಿಂದ ಜೂನ್ ತಿಂಗಳ ಮೊದಲ ವಾರದಲ್ಲಿ ತಲಪಾಡಿಯಿಂದ ಉತ್ತರಕ್ಕೆ ತೀರದ ನೀರಿನಲ್ಲಿ ಅಪರಾಧವಾಗುವ ಕೆಲಸ ತಲಪಾಡಿಯಿಂದ ದಕ್ಷಿಣಕ್ಕೆ ಅಪರಾಧವಲ್ಲ. ಮೀನಿಗೆ ತಲಪಾಡಿ ಗೊತ್ತಿಲ್ಲ. 1956ರ ನವೆಂಬರ್ ಒಂದರಂದು ನೆಲದ ಮೇಲೆ ಬಿದ್ದ ಗೆರೆಯ ವಿಚಾರ ಅದಕ್ಕೆ ಯಾರೂ ಹೇಳಿಲ್ಲ. ಹಾಗಾದರೆ ತಪ್ಪೆಂಬುದು ಕೇವಲ ಸರಕಾರದ ಕಾಗದದಲ್ಲಿರತಕ್ಕ ವಸ್ತುವೇ?

ತಪ್ಪುಗಳಲ್ಲಿ ಎರಡು ಬಗೆಯುಂಟೆಂದು ನ್ಯಾಯಶಾಸ್ತ್ರಜ್ಞರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಕೊಲೆಯಂತಹವು ತಮ್ಮ ಸ್ವರೂಪದಿಂದಲೇ ತಪ್ಪು; ರಸ್ತೆಯ ಎಡಬದಿಯನ್ನು ಬಿಟ್ಟು ಬಲಬದಿಯಲ್ಲಿ ವಾಹನ ನಡೆಸುವಂತಹವು ನಿಷೇಧವಿರುವುದರಿಂದ ತಪ್ಪು. ಕಡಲಿನ ಅಪರಾಧಗಳು ಎರಡನೆಯ ಬಗೆಯವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಗದ್ದೆಯ ಹುಣಿಯನ್ನು ನೆನೆಯಿರಿ. ಹಿಂದಿನವರು ಆ ಹುಣಿಯನ್ನು ಒಂದು ಮೊಳ ಆಚೆಗೋ ಈಚೆಗೋ ಹಾಕಬಹುದಾಗಿತ್ತು. ಇಂಥಲ್ಲಿಯೇ ಇರಬೇಕೆಂಬ ನಿಯಮವನ್ನು ಭೂಮಿಯು ಮಾಡಿರಲಿಲ್ಲ. ಆದರೂ ಒಮ್ಮೆ ಹಾಕಿ, ನೆರೆಯವನು ಅದನ್ನು ನಂಬಿ ಉತ್ತು ಬಿತ್ತಿದ ಮೇಲೆ, ರಾತ್ರಿ ಹೊತ್ತು ಹೋಗಿ ಆ ಹುಣಿಯನ್ನು ಸರಿಸುವುದು ಕಳವೇ ಸರಿ. ಗೆರೆಯ ಸ್ಥಾನವು ಮನುಷ್ಯನ ನಿರ್ಣಯ. ಗೆರೆಯ ಅಗತ್ಯವು ಮನುಷ್ಯನ ನಿರ್ಣಯವಲ್ಲ. ಬೂತಾಯಿಯ ಗೆರೆಯೂ ಅಂತಹುದೇ. ಅಷ್ಟೇ ಅಲ್ಲ, 10 ಸೆಂಟಿಮೀಟರಿನ ಬೂತಾಯಿ ಇನ್ನೂ ಮೊಟ್ಟೆಯಿಡುವ ಪ್ರಾಯಕ್ಕೆ ಬಂದಿರುವುದಿಲ್ಲ. ಎಂದರೆ ಕಾನೂನು ಮೀನಿನ ಪಕ್ಷವನ್ನೇ ಹಿಡಿದು ಗೆರೆಯೆಳೆದಿಲ್ಲ. ಮಾಡಿದ ಇಷ್ಟು ರಿಯಾಯಿತಿಯನ್ನೂ ಮೀರುವವನು ಕಾನೂನು ಕಠೋರವೆಂದು ದೂರಲಾರನು.

ಎರಡನೆಯ ಆಕ್ಷೇಪವು ಹೆಚ್ಚು ಹಳೆಯದು: ಕಡಲು ಬತ್ತದ ಭಂಡಾರ, ಎಷ್ಟು ತೆಗೆದರೂ ಕಡಮೆಯಾಗದು. ಹಾಲೆಂಡಿನ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಷಿಯಸ್ 1609ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಡಲು ಯಾರೊಬ್ಬರ ಸೊತ್ತೂ ಆಗಲಾರದೆಂದು ವಾದಿಸಿದನು. ಎಲ್ಲರೂ ಬಳಸಿದರೂ ಅದು ತೀರುವುದಿಲ್ಲವೆಂಬುದು ಅವನ ವಾದಕ್ಕೆ ಒಂದು ಆಧಾರವಾಗಿತ್ತು. 1883ರಲ್ಲಿ ಲಂಡನ್ನಿನಲ್ಲಿ ನಡೆದ ಮೀನುಗಾರಿಕಾ ಪ್ರದರ್ಶನದಲ್ಲಿ ಟಿ. ಎಚ್. ಹಕ್ಸ್‌ಲಿಯಂತಹ ವಿಜ್ಞಾನಿಯೂ, ಕಾಡ್ ಮೊದಲಾದ ದೊಡ್ಡ ಕಡಲ ಮೀನುಗಾರಿಕೆಗಳು ಅಂದಿನ ಪದ್ಧತಿಗಳಿಂದ ಬರಿದಾಗಲಾರವೆಂದೇ ಅಭಿಪ್ರಾಯಪಟ್ಟನು. ಅಂದಿನ ಹಾಯಿ ಮತ್ತು ಹುಟ್ಟುಗಳ ಕಾಲಕ್ಕೆ ಈ ಮಾತು ಸರಿಯೆನಿಸಿದ್ದೀತು. ಯಂತ್ರವು ಬಂದಿತು, ಮಂಜುಗಡ್ಡೆಯ ಉಗ್ರಾಣವುಳ್ಳ ಹಡಗುಗಳು ಬಂದವು, ಹಿಂಡು ಎಲ್ಲಿದೆಯೆಂದು ಶಬ್ದದ ಅಲೆಗಳಿಂದ ಹುಡುಕಿ ತೋರಿಸುವ ಉಪಕರಣ ಬಂದಿತು. ಕೆನಡಾದ ನ್ಯೂಫೌಂಡ್‌ಲೆಂಡ್ ತೀರದ ಕಾಡ್ ಮೀನು ಶತಮಾನಗಳ ಕಾಲ ಯೂರೋಪಿಗೆ ಅನ್ನವಾಗಿತ್ತು. 1992ರ ಜುಲೈ 2ರಂದು ಅಲ್ಲಿಯ ಸರಕಾರವು ಆ ಮೀನುಗಾರಿಕೆಯನ್ನು ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆಂದು ಹಾಕಿದ ಆ ತಡೆಯನ್ನು ತೆಗೆದುದು 2024ರಲ್ಲಿ.

ಈ ಕಥೆಯಲ್ಲಿ ನಾವು ಮರೆಯಬಾರದ ಅಂಶವೊಂದಿದೆ. ಆ ಕಾಡ್ ಮೀನಿನ ಬಹುಭಾಗವು ಕಳ್ಳತನದಿಂದ ಹೋದುದಲ್ಲ. ಸರಕಾರವೇ ಗೊತ್ತುಪಡಿಸಿದ ಪ್ರಮಾಣದಲ್ಲಿ, ಪರವಾನಗಿ ಪಡೆದ ಹಡಗುಗಳೇ ಅದನ್ನು ಹಿಡಿದವು. ಆ ಪ್ರಮಾಣವೇ ಮಿತಿಮೀರಿತ್ತು. ಆದುದರಿಂದ ಕಾನೂನಿಗೆ ಒಳಪಟ್ಟುದೆಲ್ಲ ಧರ್ಮವೆಂದು ತಿಳಿಯುವಂತಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೂ ಉಂಟು. ಕಾನೂನು ಧರ್ಮದ ಕನಿಷ್ಠ ಗಾತ್ರ ಮಾತ್ರ.

ಈಗ ಮೂಲ ಪ್ರಶ್ನೆಗೆ ಬರೋಣ: ಕದ್ದುದು ಯಾರದನ್ನು? ಬೇಸಾಯಗಾರನು ಎಷ್ಟೇ ಹಸಿದರೂ ಬೀಜದ ಭತ್ತವನ್ನು ಕುಟ್ಟಿ ಉಣ್ಣಲು ಹಿಂಜರಿಯುತ್ತಾನೆ. ಅದು ಅವನ ಸ್ವಂತ ಭತ್ತವೇ. ಆದರೂ ಮುಂದಿನ ಬೆಳೆಯ ಪಾಲು ಅದರಲ್ಲಿದೆಯೆಂದು ಬಲ್ಲನು. ಕಿರಿಯ ಮೀನು ಕಡಲಿನ ಬೀಜದ ಭತ್ತ. ಅದನ್ನು ಬಾಚುವವನು ಮೂವರ ಪಾಲಿಗೆ ಕೈಹಾಕುತ್ತಾನೆ. ಮೊದಲನೆಯವನು, ನಿಷೇಧಕ್ಕೆ ತಲೆಬಾಗಿ ಬೋಟನ್ನು ಧಕ್ಕೆಯಲ್ಲಿ ಕಟ್ಟಿ ಸಾಲ ಮಾಡಿ ದಿನ ಕಳೆದ ನೆರೆಯವನು. ಅವನ ಸಂಯಮದ ಫಲವನ್ನೇ ಇವನು ಉಣ್ಣುತ್ತಾನೆ. ಎರಡನೆಯವನು, ತೀರದ ಹತ್ತಿರವಷ್ಟೇ ಹೋಗಬಲ್ಲ ಚಿಕ್ಕ ದೋಣಿಯವನು. ಆಳಕ್ಕೆ ಹೋಗುವ ಶಕ್ತಿ ಅವನಿಗಿಲ್ಲ. ಮೂರನೆಯವನು ಇನ್ನೂ ಹುಟ್ಟಿಲ್ಲ. ಹಾಗಾಗಿ ಒಡೆಯನಿಲ್ಲದ ಸೊತ್ತೆಂದು ನಾವು ಕರೆಯುವುದಕ್ಕೆ ಒಡೆಯರು ಬಹಳ ಮಂದಿ. ಅವರು ಬಾಗಿಲಲ್ಲಿ ನಿಂತು ಕೂಗಲಾರರು, ಅಷ್ಟೆ.

ಬೂತಾಯಿಯ ಲೆಕ್ಕವನ್ನು ಇಲ್ಲಿ ನೋಡಬಹುದು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನ ಸಂಸ್ಥೆಯ ಲೆಕ್ಕದಂತೆ 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ನು ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದುದು ಸುಮಾರು 3,300 ಟನ್ನು. ಅನಂತರದ ವರ್ಷಗಳಲ್ಲಿ ಅದು ಮತ್ತೆ ಲಕ್ಷ ಟನ್ನನ್ನು ದಾಟಿತು. ಈ ಏರಿಳಿತಕ್ಕೆಲ್ಲ ಮನುಷ್ಯನ ಬಲೆಯೇ ಕಾರಣವೆಂದರೆ ಸತ್ಯವಾಗದು. ಕಡಲ ನೀರಿನ ಬಿಸಿ, ಮಳೆ, ಆಹಾರದ ಲಭ್ಯತೆ ಇವುಗಳಿಂದ ಬೂತಾಯಿ ಹೆಚ್ಚುವುದೂ ಕುಗ್ಗುವುದೂ ಹಿಂದಿನಿಂದ ನಡೆದು ಬಂದಿದೆ. ಆದರೆ ಇದರಿಂದ ನಮ್ಮ ಹೊಣೆ ಕಡಮೆಯಾಗುವುದಿಲ್ಲ. ಬರಗಾಲವು ದೈವದಿಂದ ಬಂದರೂ, ಬರಗಾಲದಲ್ಲಿ ಬೀಜವನ್ನು ಉಂಡ ದೋಷವು ಉಂಡವನದೇ.

ಇನ್ನು ದೋಷದ ಭಾರವನ್ನು ಯಾರ ಮೇಲೆ ಎಷ್ಟು ಹೊರಿಸಬೇಕು? ಮಕ್ಕಳ ಹಸಿವಿಗಾಗಿ ಒಂದು ಬುಟ್ಟಿ ಮರಿಮೀನು ತಂದವನನ್ನೂ, ದೀಪಗಳನ್ನು ಬೆಳಗಿಸಿ ಬೋಟು ತುಂಬಿಕೊಂಡು ಬರುವ ಹಣವಂತನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬೋಟಿನಲ್ಲಿ ಕೂಲಿಗೆ ದುಡಿಯುವವನು ಬಲೆಯ ಕಣ್ಣಿನ ಅಳತೆಯನ್ನು ನಿರ್ಣಯಿಸುವುದಿಲ್ಲ. ಮರಿಮೀನನ್ನು ಕೊಂಡು ಒಣಗಿಸಿ ಪುಡಿ ಮಾಡಿ, ಕೋಳಿಗೂ ಸಾಕುಮೀನಿಗೂ ಮೇವಾಗಿ ಮಾರುವ ವ್ಯಾಪಾರವಿಲ್ಲದಿದ್ದರೆ ಅದನ್ನು ಹೊತ್ತು ತರುವವರೂ ವಿರಳವಾಗುತ್ತಿದ್ದರು. ಪೇಟೆಯಲ್ಲಿ ಅಗ್ಗವೆಂದು ಕೊಳ್ಳುವ ನಾವೂ ಈ ಲೆಕ್ಕದಿಂದ ಹೊರಗಲ್ಲ. ಅಶೋಕ ಚಕ್ರವರ್ತಿಯ ಐದನೆಯ ಸ್ತಂಭಶಾಸನವು ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. ಗೊತ್ತಾದ ಕೆಲವು ತಿಥಿಗಳಲ್ಲಿ ಮೀನನ್ನು ಕೊಲ್ಲಕೂಡದೆಂದು ಮಾತ್ರವೇ ಅದು ಹೇಳಿಲ್ಲ, ಮಾರಲೂ ಕೂಡದೆಂದು ವಿಧಿಸಿದೆ. ಬಲೆಯಷ್ಟೇ ತಕ್ಕಡಿಯೂ ಅಪರಾಧದಲ್ಲಿ ಪಾಲುಗೊಳ್ಳುತ್ತದೆಂಬುದು ಅಂದೇ ತಿಳಿದಿತ್ತು.

ಸಮಾಜಕ್ಕೂ ಇಲ್ಲಿ ಸಾಲವುಂಟು. ಒಬ್ಬನನ್ನು ದುಡಿಯಬೇಡವೆಂದು ತಡೆಯುವವರು ಆ ದಿನಗಳಲ್ಲಿ ಅವನು ಹೇಗೆ ಉಣ್ಣಬೇಕೆಂಬುದನ್ನೂ ಯೋಚಿಸಬೇಕು. ಟ್ರಾಲಿಂಗ್ ನಿಷೇಧದ ಕಾಲದಲ್ಲಿ ಕೇರಳ ಸರಕಾರವು ಬೋಟಿನ ಕಾರ್ಮಿಕರಿಗೆ ಉಚಿತ ರೇಷನ್ ಕೊಡುವ ಪದ್ಧತಿಯಿದೆ. ಇದನ್ನು ದಾನವೆಂದು ಭಾವಿಸುವುದು ತಪ್ಪು. ಎಲ್ಲರಿಗಾಗಿ ಸುಮ್ಮನಿದ್ದವನಿಗೆ ಎಲ್ಲರೂ ಸಲ್ಲಿಸತಕ್ಕ ಕೂಲಿ ಅದು. ಆ ಕೂಲಿ ಸಕಾಲದಲ್ಲಿ ಮುಟ್ಟದಿದ್ದರೆ, ನಿಯಮ ಮುರಿದ ಬಡವನ ದೋಷದಲ್ಲಿ ನಮ್ಮ ಪಾಲೂ ಸೇರುತ್ತದೆ.

ಇನ್ನೊಂದು ಸಂಗತಿ ಅನೇಕರ ಮನಸ್ಸನ್ನು ನೋಯಿಸುತ್ತದೆ. ಅಧಿಕಾರಿಗಳು ಬೋಟನ್ನು ಹಿಡಿದಾಗ ಅದರಲ್ಲಿರುವ ಮರಿಮೀನನ್ನು ಮರಳಿ ಕಡಲಿಗೆ ಸುರಿಸುವುದುಂಟು. ಸತ್ತ ಮೀನನ್ನು ಸುರಿಯುವುದಕ್ಕಿಂತ ಹಸಿದವರಿಗೆ ಕೊಡಬಾರದೆ? ಅನ್ನವನ್ನು ಚೆಲ್ಲಬಾರದೆಂದು ಕಲಿತ ನಮಗೆ ಈ ಪ್ರಶ್ನೆ ಸಹಜ. ಆದರೆ ತಪ್ಪಿನಿಂದ ಬಂದ ವಸ್ತು ಹೇಗಾದರೂ ಬಳಕೆಗೆ ಬರುವುದೆಂದಾದರೆ, ಹೇಗೂ ಸತ್ತುಹೋಯಿತಲ್ಲ ಎಂಬ ಮಾತು ನಾಳೆಯ ಬಲೆಗೆ ನೆಪವಾಗುತ್ತದೆ. ಇದು ಕಹಿಯಾದ ಉಪಾಯವೆಂಬುದರಲ್ಲಿ ಸಂದೇಹವಿಲ್ಲ. ಸುರಿದ ಮೀನಿನ ನಷ್ಟವನ್ನು ನೋಡಿ ಮರುಗುವವರು, ಅದು ಬಲೆಗೆ ಬಿದ್ದ ಗಳಿಗೆಯಲ್ಲಿಯೇ ನಷ್ಟವಾಗಿತ್ತೆಂಬುದನ್ನು ನೆನೆಯಬೇಕು.

ಕಡಲಿನಲ್ಲಿ ಪ್ರತಿಯೊಂದು ಬೋಟಿನ ಹಿಂದೆ ಕಾವಲಿನ ಬೋಟು ಹೋಗಲಾರದು. ಆದುದರಿಂದ ಇಲ್ಲಿಯ ಧರ್ಮವು ಕೊನೆಗೆ ಯಾರೂ ನೋಡದಿರುವಾಗ ಮನುಷ್ಯನು ಏನು ಮಾಡುತ್ತಾನೆಂಬುದರ ಮೇಲೆ ನಿಂತಿದೆ. ನಮ್ಮ ಕಾಸರಗೋಡಿನ ಕರಾವಳಿಯಲ್ಲಿಯೇ ಇದಕ್ಕೊಂದು ದಾರಿಯಿದೆ. ಭಗವತೀ ಕ್ಷೇತ್ರಗಳ ಆಶ್ರಯದಲ್ಲಿ ‘ಕಡಕ್ಕೋಡಿ’ ಎಂಬ ಕಡಲ ನ್ಯಾಯಸ್ಥಾನವು ನಡೆದು ಬಂದಿದೆ. ಮೀನುಗಾರಿಕೆಯ ತಕರಾರುಗಳನ್ನು ಸಮುದಾಯದ ಹಿರಿಯರು ಅಲ್ಲಿ ಎಲ್ಲರೆದುರಿಗೆ ವಿಚಾರಿಸಿ ತೀರ್ಪು ಕೊಡುತ್ತಾರೆ. ಆ ತೀರ್ಪಿನ ಹಿಂದೆ ಪೋಲೀಸರ ಲಾಠಿಯಿಲ್ಲ. ನಾಳೆ ಅದೇ ಜನರ ನಡುವೆ ದೋಣಿಯಿಳಿಸಬೇಕೆಂಬ ಭಾವನೆಯಿದೆ. ಎಲ್ಲ ಹಳೆಯ ತೀರ್ಪುಗಳೂ ನಿರ್ದೋಷವೆಂದು ನನ್ನ ಅಭಿಪ್ರಾಯವಲ್ಲ. ಆದರೆ ನಿಯಮವು ತನ್ನದೆಂದು ತಿಳಿದವನು ಅದನ್ನು ಕತ್ತಲೆಯಲ್ಲಿಯೂ ಪಾಲಿಸುತ್ತಾನೆ. ಪರರದೆಂದು ತಿಳಿದವನು ಹಗಲಿನಲ್ಲಿ ಮಾತ್ರ ಪಾಲಿಸುತ್ತಾನೆ. ಸರಕಾರದ ಕಾನೂನು ಮೀನುಗಾರನದೂ ಆಗಬೇಕಾದರೆ, ಅದನ್ನು ರಚಿಸುವಾಗ ಅವನ ಮಾತು ಕೇಳಿಸಬೇಕು, ಅದು ಅವನ ಭಾಷೆಯಲ್ಲಿ ಅವನಿಗೆ ತಿಳಿಯಬೇಕು.

ಉಪಾಧ್ಯಾಯರಾದ ನಮ್ಮ ಪಾಲಿನ ಕೆಲಸವು ಈ ಕೊನೆಯ ಮಾತಿನಲ್ಲಿಯೇ ಇದೆ. ಮಕ್ಕಳ ಕಂಪಾಸುಪೆಟ್ಟಿಗೆಯಲ್ಲಿ 15 ಸೆಂಟಿಮೀಟರಿನ ಅಳತೆಪಟ್ಟಿಯಿರುತ್ತದೆ. ಅಳತೆಯ ಪಾಠ ಬಂದಾಗ ಬರಿಯ ಗೆರೆಗಳನ್ನು ಅಳೆಯಿಸುವುದರ ಜೊತೆಗೆ, ಮನೆಗೆ ಬಂದ ಬೂತಾಯಿಯನ್ನೂ ಬಂಗುಡೆಯನ್ನೂ ಮೂತಿಯಿಂದ ಬಾಲದ ತುದಿಯ ವರೆಗೆ ಅಳೆದು ಬರೆದು ತರುವಂತೆ ಹೇಳಬಹುದು. ಯಾವ ತಂದೆಯನ್ನೂ ತರಗತಿಯಲ್ಲಿ ದೂಷಿಸಬೇಕಾಗಿಲ್ಲ, ಯಾವ ಮಗುವನ್ನೂ ತಲೆತಗ್ಗಿಸುವಂತೆ ಮಾಡಬೇಕಾಗಿಲ್ಲ. ಹತ್ತು ಎಂದರೆ ಎಷ್ಟು, ಹದಿನಾಲ್ಕು ಎಂದರೆ ಎಷ್ಟು ಎಂಬುದು ಮಗುವಿನ ಕಣ್ಣಿಗೆ ತಿಳಿದರೆ ಸಾಕು. ಮುಂದೊಂದು ದಿನ ಆ ಮಗುವೇ ಬಲೆಯೆತ್ತುವಾಗ, ಅದರ ಕಣ್ಣುಗಳ ಅಳತೆಯನ್ನು ನಿರ್ಣಯಿಸುವ ಹೊಣೆ ಅವನದಾಗಿರುತ್ತದೆ.