ಕೇಳಿಸಿತು ಎಂದರೆ ಸಾಕೆ?

ಹೋದ ಮಳೆಗಾಲದ ಒಂದು ಶನಿವಾರ ರಾತ್ರಿ, ಠಾಣೆಯ ವರ್ತಕ ನಗರದ ನಮ್ಮ ಮನೆಯಲ್ಲಿ ಕೂತು, ಯಾರೋ ಒಬ್ಬರ ಮೂರು ಗಂಟೆಯ ಶ್ರಮವನ್ನು ನಾನು ಕೊನೆಯ ನಿಮಿಷದಲ್ಲಿ ಕೆಡಿಸಿದೆ. ಅವರ ಹೆಸರು, ಮುಖ, ಊರು ಯಾವುದೂ ನನಗೆ ಗೊತ್ತಿಲ್ಲ. ಕೆಡಿಸಿದ ಮೇಲೆ ಕ್ಷಮೆಯನ್ನೂ ಕೇಳದೆ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ‘ಆಟ ತಾನೆ’ ಎಂದುಕೊಂಡು ಮಲಗಿದೆ. ನಿದ್ದೆ ಬರಲಿಲ್ಲ. ಬರೀ ಆಟವೇ ಆಗಿದ್ದರೆ ನಿದ್ದೆ ಯಾಕೆ ಬರಲಿಲ್ಲ?

ನನಗೆ ಫ್ಲೈಟ್ ಸಿಮ್ಯುಲೇಟರ್ ಹುಚ್ಚು. ವಾರವಿಡೀ ಪ್ರಾಜೆಕ್ಟ್‌ಗಳ ಡೆಡ್‌ಲೈನ್ ಕಾಯುವವನಿಗೆ ವಾರಾಂತ್ಯದಲ್ಲಿ ಮುಂಬೈಯಿಂದ ಬೆಂಗಳೂರಿಗೋ ಮಂಗಳೂರಿಗೋ ಟಿಕೆಟ್ಟಿಲ್ಲದೆ ಹೋಗಿಬರುವ ಸುಖ. ಹತ್ತು ವರ್ಷ ಒಬ್ಬನೇ ಹಾರಿಸಿದೆ. ಒಬ್ಬನೇ ಇರುವ ಆಕಾಶದಲ್ಲಿ ತಪ್ಪಿಗೆ ಬೆಲೆಯಿಲ್ಲ. ನಡುವೆ ನಿಲ್ಲಿಸಿ ಚಹಾ ಕುಡಿಯಬಹುದು, ವಿಮಾನ ಬಿದ್ದರೆ ಮತ್ತೆ ಶುರು ಮಾಡಬಹುದು. ಆಮೇಲೆ ಗೆಳೆಯರೊಬ್ಬರು ಆನ್‌ಲೈನ್ ಜಾಲಗಳ ದಾರಿ ತೋರಿಸಿದರು.

ಇವುಗಳಲ್ಲಿ ದೊಡ್ಡವು ಎರಡು: 1998ರಲ್ಲಿ ಶುರುವಾದ ಐವಿಎಓ, 2001ರಲ್ಲಿ ಶುರುವಾದ ವ್ಯಾಟ್‌ಸಿಮ್. ಸೇರಲು ಹಣ ಬೇಕಿಲ್ಲ. ಇಲ್ಲಿ ಗೋಪುರದಲ್ಲಿ ಕೂತು ದಾರಿ ಹೇಳುವುದು ಯಂತ್ರವಲ್ಲ, ಮನುಷ್ಯರು. ಎಲ್ಲೋ ತಮ್ಮ ಮನೆಯ ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು, ಕಲಿತು, ಪರೀಕ್ಷೆ ಪಾಸಾಗಿ, ಸಂಬಳವಿಲ್ಲದೆ ಕೂತವರು. ಸುತ್ತಲಿನ ವಿಮಾನಗಳಲ್ಲೂ ಒಬ್ಬೊಬ್ಬ ಮನುಷ್ಯ. ಕಾಲವೂ ನಿಜವಾದದ್ದೇ. ದುಬೈಯಿಂದ ಮುಂಬೈಗೆ ನಿಜವಾದ ವಿಮಾನಕ್ಕೆ ಹಿಡಿಯುವ ಸುಮಾರು ಮೂರು ಗಂಟೆ ಇಲ್ಲೂ ಹಿಡಿಯುತ್ತದೆ.

ಶುರು ಮಾಡುವುದು ಕಷ್ಟವಲ್ಲ. ವ್ಯಾಟ್‌ಸಿಮ್ ಆದರೆ ಹೆಸರು ನೋಂದಾಯಿಸಿ, ನಿಯಮ ಓದಿ, ಒಂದು ಸಣ್ಣ ಪರೀಕ್ಷೆ ಬರೆಯಬೇಕು. ಮೈಕ್ರೋಸಾಫ್ಟ್ ಸಿಮ್ಯುಲೇಟರ್ ಇದ್ದವರು ವಿಪೈಲಟ್, ಎಕ್ಸ್‌ಪ್ಲೇನ್ ಇದ್ದವರು ಎಕ್ಸ್‌ಪೈಲಟ್ ಎಂಬ ತಂತ್ರಾಂಶ ಹಾಕಿಕೊಳ್ಳಬೇಕು. ದಿಢೀರನೆ ರನ್‌ವೇ ಮೇಲೆ ಪ್ರತ್ಯಕ್ಷವಾಗಬಾರದು. ನಿಲುಗಡೆಯ ಜಾಗದಿಂದಲೇ ಜಾಲಕ್ಕೆ ಸೇರಬೇಕು. ಫ್ಲೈಟ್ ಪ್ಲಾನ್ ಕೊಟ್ಟ ಮೇಲೆ ಡೆಲಿವರಿ, ಗ್ರೌಂಡ್, ಟವರ್ ಎಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಹೋಗುತ್ತೇವೆ. ನಿಯಂತ್ರಕರು ಯಾರೂ ಇಲ್ಲದಿದ್ದರೆ 122.800 ತರಂಗಾಂತರದಲ್ಲಿ ನಾವೇನು ಮಾಡುತ್ತಿದ್ದೇವೆಂದು ಅಕ್ಕಪಕ್ಕದ ಪೈಲಟ್‌ಗಳಿಗೆ ತಿಳಿಸಬೇಕು. ಮಾತಾಡಲು ಅಳುಕಿದ್ದವರು ಟೈಪ್ ಮಾಡಬಹುದು.

ಎಲ್ಲಕ್ಕಿಂತ ಮುಖ್ಯವಾದ ಪಾಠ ರೀಡ್‌ಬ್ಯಾಕ್. ನಿಯಂತ್ರಕರು ಹೇಳಿದ ಎತ್ತರ, ದಿಕ್ಕು, ರನ್‌ವೇ ಸಂಖ್ಯೆಯನ್ನು ನಾವು ತಿರುಗಿ ಹೇಳಬೇಕು. ತಪ್ಪಿದ್ದರೆ ಅವರು ತಿದ್ದುತ್ತಾರೆ. ಬರೀ ‘ಸರಿ’ ಎಂದರೆ ಸಾಲದು. ನನಗೆ ಇದು ಹೊಸದೆನಿಸಲಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಅಂಗಡಿಗೆ ಕಳಿಸುವಾಗ “ಎಲ್ಲಿ, ಏನೇನು ತರ್ತೀ ಹೇಳು ನೋಡುವ” ಎಂದು ಇಡೀ ಪಟ್ಟಿಯನ್ನು ನನ್ನ ಬಾಯಿಂದ ಹೇಳಿಸಿಯೇ ದುಡ್ಡು ಕೊಡುತ್ತಿದ್ದಳು.

ಆ ಶನಿವಾರ ಮುಂಬೈ ಟವರ್‌ನಲ್ಲಿ ಒಬ್ಬರು ಕೂತಿದ್ದರು. ನಾನು ನಿಲುಗಡೆಯಿಂದ ಹೊರಟು ರನ್‌ವೇ 27ರ ಹತ್ತಿರ ಬಂದಿದ್ದೆ. “ಹೋಲ್ಡ್ ಶಾರ್ಟ್ ರನ್‌ವೇ 27” ಎಂದಿತು ಒಂದು ತರುಣ ದನಿ. ರನ್‌ವೇಗೆ ಹೋಗಬೇಡ, ಅದರ ಈಚೆಗೇ ನಿಲ್ಲು ಎಂದರ್ಥ. ಆದರೆ ನಾನು ಕಲಿತದ್ದು ಹಳೆಯ ಅಮೆರಿಕನ್ ವಿಡಿಯೊಗಳಿಂದ. ಅಲ್ಲಿ 2010ರವರೆಗೆ ‘ಪೊಸಿಷನ್ ಅಂಡ್ ಹೋಲ್ಡ್’ ಎಂಬ ಮಾತಿತ್ತು. ರನ್‌ವೇ ಒಳಗೆ ಹೋಗಿ ನಿಲ್ಲು ಎಂದು ಅದರ ಅರ್ಥ. ನನ್ನ ತಲೆಯಲ್ಲಿ ಎರಡು ಹೋಲ್ಡ್‌ಗಳು ಕಲಸಿಕೊಂಡವು. ಅರ್ಧ ಕ್ಷಣ ಅನುಮಾನವೂ ಬಂತು. ಕೇಳಬಹುದಿತ್ತು. ಆದರೆ ಹಿಂದೆ ಎರಡು ವಿಮಾನ ಕಾಯುತ್ತಿದ್ದವು, ಅವರ ಮುಂದೆ ಹೊಸಬನಂತೆ ಕಾಣುವುದು ಬೇಡವೆನಿಸಿತು. ಗಂಟಲು ಸರಿಮಾಡಿಕೊಂಡು, ಒಂದಕ್ಷರ ತಪ್ಪದೆ ರೀಡ್‌ಬ್ಯಾಕ್ ಕೊಟ್ಟೆ. ಕೊಟ್ಟು, ಗೆರೆ ದಾಟಿ ರನ್‌ವೇ ಮೇಲೆ ಹೋಗಿ ನಿಂತೆ.

ದುಬೈಯಿಂದ ಬಂದ ವಿಮಾನವೊಂದು ಇಳಿಯಲು ಎರಡು ಮೈಲಿ ದೂರದಲ್ಲಿತ್ತು. ಇಳಿಯದೆ ಮೇಲೇರಿ ಸುತ್ತು ಹಾಕಿ ಬಾ ಎಂದು ಟವರ್ ಅವರಿಗೆ ಹೇಳಿತು. “ಗೋಯಿಂಗ್ ಅರೌಂಡ್” ಎಂದ ಆ ಪೈಲಟ್ಟಿನ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. ಆಮೇಲೆ ನಿಯಂತ್ರಕ ನನ್ನನ್ನು ಕರೆದ. ಬೈಯಲಿಲ್ಲ, ಸುಮ್ಮನೆ ಕರೆದ. ನಾನು ಸಂಪರ್ಕ ಕಡಿದೆ.

ನನ್ನ ಪರವಾಗಿ ವಾದಿಸುವುದು ಸುಲಭ. ಯಾರೂ ಸಾಯಲಿಲ್ಲ, ಒಂದು ಹನಿ ಇಂಧನ ಸುಡಲಿಲ್ಲ. ಕರ್ತವ್ಯವೆಂಬುದು ಪರಿಣಾಮದಿಂದ ಹುಟ್ಟುವುದಾದರೆ, ಪರಿಣಾಮವೇ ಇಲ್ಲದಲ್ಲಿ ಅದು ಎಲ್ಲಿಂದ ಬಂತು? ಆದರೆ ಚೆನ್ನೆಮಣೆಯಲ್ಲಿ ಕಾಯಿ ಕದ್ದು ಸಿಕ್ಕಿಬಿದ್ದಾಗ ಅಕ್ಕನಿಗೆ ಆಗುತ್ತಿದ್ದ ನೋವು ಕಾಯಿಯ ಬೆಲೆಯದಾಗಿರಲಿಲ್ಲ. ಆಟದೊಳಗಿನ ವಸ್ತುಗಳು ಹುಸಿಯಾಗಿರಬಹುದು, ಆಡುವವರು ಹುಸಿಯಲ್ಲ. ನನ್ನ ವಿಮಾನ ಸುಳ್ಳು, ರನ್‌ವೇ ಸುಳ್ಳು. ಎದುರಿಗಿದ್ದವರ ಶನಿವಾರ ರಾತ್ರಿ ನಿಜ, ನಾನು ಕೊಟ್ಟ ಮಾತೂ ನಿಜ.

ಇನ್ನಷ್ಟು ಯೋಚಿಸಿದಾಗ, ತಪ್ಪು ಗೆರೆ ದಾಟಿದ್ದರಲ್ಲಿ ಇಲ್ಲ ಎನಿಸಿತು. ಗೊತ್ತಿಲ್ಲದೆ ದಾಟಿದವರಿಗೆ ಈ ಜಾಲಗಳಲ್ಲಿ ಕ್ಷಮೆಯಿದೆ, ಎಲ್ಲರೂ ಹಾಗೇ ಕಲಿತವರು. ತಪ್ಪು ಇದ್ದದ್ದು ಅದಕ್ಕೂ ಮೊದಲಿನ ಅರ್ಧ ಕ್ಷಣದಲ್ಲಿ, ಅರ್ಥವಾಗದ್ದನ್ನು ಅರ್ಥವಾದವನಂತೆ ನುಡಿದದ್ದರಲ್ಲಿ. ನನ್ನ ಪ್ರತಿಯೊಂದು ಪದವೂ ಸರಿಯಿತ್ತು, ಆದರೂ ನಾನು ಹೇಳಿದ್ದು ಸುಳ್ಳು. ರೀಡ್‌ಬ್ಯಾಕ್ ಕಿವಿಯ ತಪ್ಪನ್ನು ಹಿಡಿಯುತ್ತದೆ. ಅರ್ಥದ ತಪ್ಪನ್ನು ಹಿಡಿಯಲಾರದು. ಅದನ್ನು ಹಿಡಿಯಬಲ್ಲವನು ಮಾತಾಡುವವನೊಬ್ಬನೇ.

ನಿಜವಾದ ಆಕಾಶದಲ್ಲಿ ಮಾತು ತಲುಪದೆ ಹೋದರೆ ಏನಾಗುತ್ತದೆಂಬುದಕ್ಕೆ ಉದಾಹರಣೆಗಳಿವೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ, ಮಂಜಿನ ನಡುವೆ, ಟೇಕಾಫ್ ಬಗ್ಗೆ ಒಂದು ವಿಮಾನದಿಂದ ಬಂದ ಅಸ್ಪಷ್ಟ ಮಾತಿಗೆ ಗೋಪುರದಿಂದ ‘ಓಕೆ’ ಎಂಬ ಉತ್ತರ ಬಂತು. ಹೇಳಿದವರ ಓಕೆ ಒಂದು, ಕೇಳಿದವರ ಓಕೆ ಇನ್ನೊಂದು. ಎರಡು ಬೋಯಿಂಗ್ 747ಗಳು ಡಿಕ್ಕಿಯಾಗಿ 583 ಜನ ಸತ್ತರು. ನಮ್ಮ ಮಂಗಳೂರಿನಲ್ಲಿ 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದಿಂದ ಕೆಳಗುರುಳಿ 158 ಜನ ಹೋದರು. ಇಳಿಯುವುದು ಬೇಡ, ಗೋ ಅರೌಂಡ್ ಮಾಡೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರೆಂಬುದು ತನಿಖೆಯಲ್ಲಿ ಹೊರಬಂತು. ಮಾತು ಹೇಳಲಾಗಿತ್ತು, ತಲುಪಿರಲಿಲ್ಲ. ಸುರತ್ಕಲ್‌ನಲ್ಲಿ ಎಂಟೆಕ್ ಓದಿದ ನನಗೆ ಬಜ್ಪೆ ನಕ್ಷೆಯ ಮೇಲಿನ ಒಂದು ಚುಕ್ಕೆಯಲ್ಲ. ಸಿಮ್ಯುಲೇಟರಿನಲ್ಲಿ ಆ ರನ್‌ವೇಗೆ ಇಳಿಯುವಾಗ ಇವತ್ತಿಗೂ ನಾನು ತಮಾಷೆ ಮಾಡಲಾರೆ. ನನ್ನ ಶನಿವಾರದ ತಪ್ಪನ್ನು ಈ ಸಾವುಗಳ ಪಕ್ಕ ಇಡುತ್ತಿಲ್ಲ. ಹಾಗೆ ಇಡುವುದು ಅಹಂಕಾರ. ಹೇಳಿದ್ದಕ್ಕೂ ತಲುಪಿದ್ದಕ್ಕೂ ನಡುವೆ ಇರುವ ಅಂತರದ ಬಗ್ಗೆ ಮಾತ್ರ ಹೇಳುತ್ತಿದ್ದೇನೆ.

ಊರು ಬಿಟ್ಟು ಬಂದ ನಮಗೆ ಈ ಅಂತರ ಚೆನ್ನಾಗಿ ಗೊತ್ತು. ಠಾಣೆಗೆ ಬಂದ ಹೊಸತರಲ್ಲಿ ಸೊಸೈಟಿಯ ವಾಚ್‌ಮನ್ ಮರಾಠಿಯಲ್ಲಿ ಏನೋ ಹೇಳಿದ. ‘ಹೋ, ಹೋ’ ಎಂದು ತಲೆಯಾಡಿಸಿದೆ. ಮರುದಿನ ನಲ್ಲಿಯಲ್ಲಿ ನೀರಿರಲಿಲ್ಲ. ಅವನು ಹೇಳಿದ್ದು ಅದನ್ನೇ. ಆಗ ಬಕೆಟ್ ಹಿಡಿದು ಪಕ್ಕದ ಮನೆಗೆ ಹೋಗಿ ನಕ್ಕಿದ್ದೆವು. ಆದರೆ ಆ ‘ಹೋ, ಹೋ’ ನನ್ನೊಳಗೆ ಉಳಿದುಕೊಂಡಿತು. ಆಫೀಸಿನಲ್ಲಿ ಅದೇ ‘ಶೂರ್’ ಆಯಿತು.

ಈಗ ನಾನು ಮೇಜಿನ ಆಚೆ ಬದಿಯಲ್ಲಿ ಕೂತಿದ್ದೇನೆ. ನನ್ನ ತಂಡದಲ್ಲಿ ಕಲ್ಯಾಣದಿಂದ ಲೋಕಲ್ ಹಿಡಿದು ಬರುವ ಹುಡುಗಿಯೊಬ್ಬಳಿದ್ದಾಳೆ. ಒಂದು ಕೆಲಸ ವಿವರಿಸಿ ಶುಕ್ರವಾರದೊಳಗೆ ಆಗುತ್ತದಲ್ಲವೇ ಎಂದು ಕೇಳಿದ್ದೆ. “ಯೆಸ್ ಸರ್” ಎಂದಿದ್ದಳು. ಅವಳಿಗೆ ಕೆಲಸವೇ ಅರ್ಥವಾಗಿರಲಿಲ್ಲ ಎಂಬುದು ಎರಡು ವಾರದ ಮೇಲೆ ತಿಳಿಯಿತು. ಎಲ್ಲರ ಮುಂದೆ ಬೈದೆ. ಆ ಬೈಗುಳ ನೆನಪಾದಾಗ, ಹೊಣೆ ಮಾತಾಡುವವನೊಬ್ಬನದೇ ಎಂದು ಮೇಲೆ ಬರೆದದ್ದನ್ನು ನಾನು ತಿದ್ದಿಕೊಳ್ಳಬೇಕಾಗುತ್ತದೆ. ‘ಆಗುತ್ತದಲ್ಲವೇ’ ಎಂದು ಕೇಳಿದವನಿಗೆ ‘ಅರ್ಥವಾಗಲಿಲ್ಲ’ ಎಂದು ಹೇಗೆ ಹೇಳುತ್ತಾರೆ? ಆ ರಾತ್ರಿ ತಪ್ಪು ಮಾಡಿದ ನನ್ನನ್ನೂ ಬೈಯದೆ ಕರೆದ ನಿಯಂತ್ರಕನಿಗೆ ನನ್ನ ಅರ್ಧ ವಯಸ್ಸೂ ಇದ್ದಂತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯ ಒಬ್ಬರ ಕರ್ತವ್ಯವಾದರೆ, ಆ ಧೈರ್ಯಕ್ಕೆ ಜಾಗ ಇಡುವುದು ಇನ್ನೊಬ್ಬರದು.

ಮುಂದಿನ ಭಾನುವಾರ ಬೆಳಗ್ಗೆ, ದಟ್ಟಣೆಯಿಲ್ಲದ ಹೊತ್ತು ನೋಡಿ ಮತ್ತೆ ಜಾಲಕ್ಕೆ ಹೋದೆ. ಮೊದಲ ಮಾತಿಗೇ, ನಾನು ಹೊಸಬ, ನಿಧಾನವಾಗಿ ಹೇಳಿ ಎಂದೆ. ಪರವಾಗಿಲ್ಲ, ಸಮಯ ತೆಗೆದುಕೊಳ್ಳಿ ಎಂಬ ಉತ್ತರ ಬಂತು. ಎರಡು ಸಲ ‘ಸೇ ಅಗೇನ್’ ಎಂದೆ. ಯಾರೂ ನಗಲಿಲ್ಲ. ನೀವೂ ಶುರು ಮಾಡುವುದಾದರೆ ಮೊದಲು ಕೆಲವು ದಿನ ಸುಮ್ಮನೆ ಕೇಳಿ, ಸಣ್ಣ ನಿಲ್ದಾಣದಿಂದ ಹೊರಡಿ, ಈ ಎರಡು ಪದವನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ.

ದುಬೈಯಿಂದ ಬಂದ ಆ ಪೈಲಟ್ಟಿಗೆ ಕ್ಷಮೆ ಕೇಳಲು ಆಗಲೇ ಇಲ್ಲ. ಆ ಸಾಲ ಹಾಗೇ ಇದೆ. ಕಲ್ಯಾಣದ ಹುಡುಗಿಗೆ ಕೇಳಿದೆ. ಅವಳು ಅನುಮಾನದಿಂದಲೇ ನೋಡಿದಳು; ನನ್ನ ಮಾತನ್ನು ನಂಬಲು ಅವಳಿಗೆ ಸಮಯ ಬೇಕು.

ಕಳೆದ ವಾರ ಊರಿಂದ ಅಮ್ಮನ ಫೋನು ಬಂತು. ಒಂದು ಕಣ್ಣು ಲ್ಯಾಪ್‌ಟಾಪ್ ಮೇಲಿಟ್ಟು ಹ್ಞೂಂ, ಹ್ಞೂಂ ಎನ್ನುತ್ತಿದ್ದೆ. ಅವಳು ಮಾತು ನಿಲ್ಲಿಸಿ ಕೇಳಿದಳು: “ನಾನು ಈಗ ಏನು ಹೇಳಿದೆ, ಹೇಳು ನೋಡುವ?”

“ಕೇಳಿಸಿಕೊಳ್ಳಲಿಲ್ಲ ಅಮ್ಮ, ಇನ್ನೊಮ್ಮೆ ಹೇಳು” ಎಂದೆ.

ಅವಳು ಮೊದಲಿಂದ ಶುರು ಮಾಡಿದಳು.