ಉಲ್ಲೇಖಿಸುವವರ ಹೊಣೆ

ಗ್ರಂಥದಲ್ಲಿರುವ ಮಾತನ್ನು ಇದ್ದಂತೆ ಹೇಳಿದರೆ ತಪ್ಪೇನು? ಮೇಲ್ನೋಟಕ್ಕೆ ಏನೂ ಇಲ್ಲ. ಆದರೆ ಆ ಮಾತನ್ನು ಯಾವಾಗ, ಯಾರ ಮುಂದೆ, ಯಾವ ಉದ್ದೇಶದಿಂದ ಹೇಳುತ್ತೇವೆ ಎಂಬುದಕ್ಕೂ ನಾವು ಉತ್ತರದಾಯಿಗಳು.

ಮೊರಾಕ್ಕೋದ ಫೆಸ್ ನಗರದಲ್ಲಿ 1940ರಲ್ಲಿ ಹುಟ್ಟಿ 2015ರಲ್ಲಿ ನಿಧನರಾದ ಸಮಾಜಶಾಸ್ತ್ರಜ್ಞೆ ಫಾತಿಮಾ ಮರ್ನಿಸ್ಸಿಯವರ ಅಧ್ಯಯನ ನಮ್ಮನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸುತ್ತದೆ. ಮುಸ್ಲಿಮರಿಗೆ ಮಹಿಳೆ ನಾಯಕಿಯಾಗಬಹುದೇ ಎಂದು ಅವರೊಮ್ಮೆ ಕಿರಾಣಿ ಅಂಗಡಿಯಲ್ಲಿ ಕೇಳಿದರು. ಅಲ್ಲಿದ್ದವನೊಬ್ಬ, ಹೆಣ್ಣಿಗೆ ಆಡಳಿತ ಒಪ್ಪಿಸಿದ ಜನಾಂಗ ಏಳಿಗೆಯಾಗದೆಂಬ ಹದೀಸನ್ನು ಮುಂದಿಟ್ಟ. ಮಾತು ಅಲ್ಲಿಗೆ ನಿಂತಿತು.

ಅವನು ಸುಳ್ಳಾಡಲಿಲ್ಲ, ಆ ಹದೀಸ್ ಬುಖಾರಿಯಲ್ಲಿದೆ. ಮರ್ನಿಸ್ಸಿ 1987ರ ತಮ್ಮ ಫ್ರೆಂಚ್ ಗ್ರಂಥದಲ್ಲಿ ಅದರ ಜಾಡು ಹಿಡಿದು ಹೊರಟರು. ಪರ್ಷಿಯನ್ನರು ದೊರೆಯ ಮಗಳನ್ನು ಪಟ್ಟಕ್ಕೇರಿಸಿದ ಸುದ್ದಿ ಬಂದಾಗ ಪ್ರವಾದಿವರ್ಯರು(ಸ) ಆಡಿದ ಮಾತದು. ವರದಿ ಮಾಡಿದ ಅಬೂಬಕ್ರ(ರ) (ಇವರು ಪ್ರಥಮ ಖಲೀಫರಲ್ಲ) ಅದನ್ನು ನೆನಪಿಸಿಕೊಂಡದ್ದು ಕ್ರಿ.ಶ. 656ರ ಜಮಲ್ ಯುದ್ಧದ ಸಂದರ್ಭದಲ್ಲಿ, ಹಝ್ರತ್ ಆಯಿಶಾ(ರ) ಒಂದು ಪಕ್ಷದ ಮುಂದಾಳಾಗಿದ್ದಾಗ. ಇಷ್ಟು ವರ್ಷಗಳ ಬಳಿಕ, ಈಗಲೇ ಏಕೆ ಎಂಬುದು ಮರ್ನಿಸ್ಸಿಯವರ ಪ್ರಶ್ನೆ. ವರದಿಗಾರರ ವಿಶ್ವಾಸಾರ್ಹತೆಯನ್ನೂ ಅವರು ಪ್ರಶ್ನಿಸಿದರು.

ಅನೇಕ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಅಬೂಬಕ್ರರು(ರ) ಪ್ರವಾದಿಯ ಸಂಗಾತಿ, ಇಮಾಮ್ ಬುಖಾರಿ ಅವರ ವರದಿಯನ್ನು ಸ್ವೀಕರಿಸಿದ್ದಾರೆ ಎಂಬುದು ಅವರ ವಾದ. ಹದೀಸನ್ನು ಒಪ್ಪಿಯೂ ಅದು ಪರ್ಷಿಯಾದ ಪ್ರಸಂಗಕ್ಕಷ್ಟೇ ಸೀಮಿತ ಎನ್ನುವವರೂ ಇದ್ದಾರೆ. ಇದು ಪುರಾವೆಗೆ ಪುರಾವೆಯಿಟ್ಟು ನಡೆಯಬೇಕಾದ ಚರ್ಚೆ. ಆದರೆ ಮೊರಾಕ್ಕೋದಲ್ಲಿ ಆ ಪುಸ್ತಕ ನಿಷೇಧಕ್ಕೊಳಗಾಯಿತು. ಮರ್ನಿಸ್ಸಿ ಬರೆಯುತ್ತಲೇ ಹೋದರು. 1990ರ ಗ್ರಂಥದಲ್ಲಿ ದೆಹಲಿಯ ರಝಿಯಾರಂತಹ ಸುಲ್ತಾನೆಯರನ್ನು, ಜುಮಾ ಖುತ್ಬಾದಲ್ಲಿ ಹೆಸರು ಓದಲ್ಪಟ್ಟಿದ್ದ ಯಮನಿನ ರಾಣಿಯರನ್ನು ಇತಿಹಾಸದ ಪುಟಗಳಿಂದ ಹೆಕ್ಕಿ ತೆಗೆದರು.

ಹೀಗೆ ಕೇಳುವುದು ಪರಂಪರೆಗೆ ಅಗೌರವವೆಂದು ಹೇಳುವವರು ಆಯಿಶಾರನ್ನೇ(ರ) ನೆನೆಯಲಿ. ಎದುರಿಗೆ ನಾಯಿ, ಕತ್ತೆ ಅಥವಾ ಹೆಣ್ಣು ಹಾದರೆ ನಮಾಝ್ ಕೆಡುತ್ತದೆಂಬ ಮಾತು ಕಿವಿಗೆ ಬಿದ್ದಾಗ ಅವರು ಸುಮ್ಮನಿರಲಿಲ್ಲ. ನಮ್ಮನ್ನು ನಾಯಿ, ಕತ್ತೆಗಳಿಗೆ ಸಮ ಮಾಡಿದಿರಾ ಎಂದು ಆಕ್ಷೇಪಿಸಿ, ಪ್ರವಾದಿವರ್ಯರು(ಸ) ನಮಾಝ್ ಮಾಡುತ್ತಿದ್ದಾಗ ತಾವು ಎದುರಿಗೇ ಮಲಗಿರುತ್ತಿದ್ದುದನ್ನು ತಿಳಿಸಿದರು. ಇದೂ ಬುಖಾರಿಯಲ್ಲೇ ಇದೆ. ಸಂಗಾತಿಗಳ ವರದಿಗಳನ್ನು ಅವರು ತಿದ್ದಿದ ಪ್ರಸಂಗಗಳನ್ನು 14ನೇ ಶತಮಾನದ ವಿದ್ವಾಂಸ ಝರ್ಕಶಿ ಒಂದು ಪುಸ್ತಕವಾಗಿಯೇ ಸಂಗ್ರಹಿಸಿದ್ದಾರೆ.

ಮರ್ನಿಸ್ಸಿಯವರ ತೀರ್ಮಾನಗಳನ್ನು ನಾವು ಒಪ್ಪಲೇಬೇಕಿಲ್ಲ. ಆದರೆ ಆ ಅಂಗಡಿಯಲ್ಲಿ ಉಲ್ಲೇಖ ಮಾಡಿದ ಕೆಲಸವನ್ನು ಗಮನಿಸಬೇಕು: ಅದು ಉತ್ತರ ಕೊಡಲಿಲ್ಲ, ಬಾಯಿ ಮುಚ್ಚಿಸಿತು. ಒಂದು ವಾಕ್ಯವನ್ನು ಎತ್ತಿಕೊಳ್ಳುವವರು ಅದರ ಸಂದರ್ಭದ ಭಾರವನ್ನೂ ಹೊರಬೇಕು. ಅಷ್ಟು ಶ್ರಮ ಬೇಡವೆನಿಸಿದರೆ, ಎದುರಿಗಿರುವ ಹೆಣ್ಣುಮಗಳು ಕೇಳುವ ಪ್ರಶ್ನೆಯನ್ನು ಕೊನೆಯವರೆಗೆ ಕೇಳಿಸಿಕೊಳ್ಳುವ ಸೌಜನ್ಯವಾದರೂ ನಮ್ಮಲ್ಲಿರಲಿ.